ಚಾಂಪಿಯನ್ ಪಟ್ಟದ ಮರುವರ್ಷ: 2024ರ ಮಿಶಿಗನ್ ಫುಟ್‌ಬಾಲ್ ತಂಡದಿಂದ ಏನನ್ನು ನಿರೀಕ್ಷಿಸಬಹುದು? (2024ರ ಆಗಸ್ಟ್‌ನಲ್ಲಿ, ಋತು ಆರಂಭಕ್ಕೆ ಮುನ್ನ ಬರೆದ ಲೇಖನ ಮತ್ತು ಅದಕ್ಕೆ ಬಂದ ಪ್ರತಿಕ್ರಿಯೆಗಳು)

ಹಳದಿ ನೀಲಿ (ಕ್ಯಾಂಟನ್, ಮಿಶಿಗನ್):

ಆಗಸ್ಟ್ 31ರ ಶನಿವಾರ ಸಂಜೆ ಆನ್ ಆರ್ಬರ್‌ನಲ್ಲಿ ಫ್ರೆಸ್ನೊ ಸ್ಟೇಟ್ ತಂಡವನ್ನು ಎದುರಿಸುವುದರೊಂದಿಗೆ ಮಿಶಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಹೊಸ ಋತು ಆರಂಭವಾಗಲಿದೆ. ಕಳೆದ ಋತುವಿನಲ್ಲಿ ಆಡಿದ 15 ಪಂದ್ಯಗಳನ್ನೂ ಗೆದ್ದು, ಜನವರಿ 8ರಂದು ಹ್ಯೂಸ್ಟನ್‌ನಲ್ಲಿ ವಾಷಿಂಗ್ಟನ್ ತಂಡವನ್ನು 34-13ರಿಂದ ಮಣಿಸಿ ರಾಷ್ಟ್ರೀಯ ಚಾಂಪಿಯನ್ ಆದ ತಂಡ ಇದೇ ಎಂಬುದು ದಾಖಲೆಯ ಮಟ್ಟಿಗೆ ನಿಜ. ಆದರೆ ಆ ರಾತ್ರಿಯ ತರಬೇತುದಾರರೂ ಮುಂಚೂಣಿಯ ಆಟಗಾರರಲ್ಲಿ ಬಹಳಷ್ಟು ಮಂದಿಯೂ ಈಗ ಇಲ್ಲಿಲ್ಲವಾದ್ದರಿಂದ, ಹಾಲಿ ಚಾಂಪಿಯನ್ ಎಂಬ ಬಿರುದನ್ನು ಪಕ್ಕಕ್ಕಿಟ್ಟು ಇರುವ ತಂಡವನ್ನು ಇರುವಂತೆ ನೋಡುವುದು ಒಳ್ಳೆಯದು. ಎಲ್ಲೆಡೆ ಚರ್ಚೆ ನಡೆಯುತ್ತಿರುವುದು ಕ್ವಾರ್ಟರ್‌ಬ್ಯಾಕ್ (ಚೆಂಡನ್ನು ಎಸೆದು ಆಕ್ರಮಣ ನಡೆಸುವವನು) ಯಾರಾಗಬೇಕು ಎಂಬ ಬಗ್ಗೆ. ಈ ವರ್ಷದ ಹಣೆಬರಹವನ್ನು ಬರೆಯುವವರು ಅವನ ಮುಂದೆ ಸಾಲುಗಟ್ಟಿ ನಿಲ್ಲುವ ಐವರು ಎಂಬುದು ನನ್ನ ವಾದ.

ಮೊದಲು ಹೋದವರ ವಿಷಯ. ಮುಖ್ಯ ತರಬೇತುದಾರ ಜಿಮ್ ಹಾರ್ಬಾ ಜನವರಿ ಕೊನೆಯಲ್ಲಿ ಲಾಸ್ ಏಂಜಲೀಸ್ ಚಾರ್ಜರ್ಸ್ ಎಂಬ ವೃತ್ತಿಪರ ತಂಡ ಸೇರಿದರು. ರಕ್ಷಣಾ ಪಡೆಯ ಸಂಯೋಜಕ ಜೆಸ್ಸಿ ಮಿಂಟರ್ ಹಾಗೂ ಆಟಗಾರರ ಮೈಕಟ್ಟನ್ನು ಹುರಿಗೊಳಿಸಿದ್ದ ಬೆನ್ ಹರ್ಬರ್ಟ್ ಕೂಡ ಅವರ ಹಿಂದೆಯೇ ನಡೆದರು. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ ನಮ್ಮ 13 ಮಂದಿ ಆಯ್ಕೆಯಾದರು. ಇದು ವಿಶ್ವವಿದ್ಯಾಲಯದ ದಾಖಲೆ. ಆರಂಭಿಕ ಕ್ವಾರ್ಟರ್‌ಬ್ಯಾಕ್ ಆಗಿ 27 ಪಂದ್ಯ ಗೆದ್ದು ಒಂದನ್ನು ಮಾತ್ರ ಸೋತಿದ್ದ ಜೆ.ಜೆ. ಮೆಕಾರ್ಥಿ 10ನೆಯ ಆಯ್ಕೆಯಾಗಿ ಮಿನೆಸೋಟ ವೈಕಿಂಗ್ಸ್‌ಗೆ ಹೋದರು. ಒಂದೇ ಋತುವಿನಲ್ಲಿ 27 ಬಾರಿ ಚೆಂಡನ್ನು ಎದುರಾಳಿಯ ಕೊನೆಗೆರೆಯಾಚೆಗೆ ಹೊತ್ತೋಡಿ ಟಚ್‌ಡೌನ್ ಗಳಿಸಿದ ಬ್ಲೇಕ್ ಕೋರಮ್ ಹೋದರು. ರೋಮನ್ ವಿಲ್ಸನ್, ಕಾರ್ನೀಲಿಯಸ್ ಜಾನ್ಸನ್, ಮೈಕ್ ಸೇನ್‌ರಿಸ್ಟಿಲ್, ಜೂನಿಯರ್ ಕೋಲ್ಸನ್, ಕ್ರಿಸ್ ಜೆಂಕಿನ್ಸ್ ಎಲ್ಲರೂ ಹೋದರು.

ಇಷ್ಟು ಹೆಸರುಗಳ ನಡುವೆ ಆಕ್ರಮಣದ ಮುಂಚೂಣಿ, ಅಂದರೆ ಆಫೆನ್ಸಿವ್ ಲೈನ್, ಇಡಿಯಾಗಿ ಖಾಲಿಯಾದದ್ದು ಹೆಚ್ಚಿನವರ ಗಮನಕ್ಕೆ ಬಂದಂತಿಲ್ಲ. ಝ್ಯಾಕ್ ಝಿಂಟರ್, ಟ್ರೆವರ್ ಕೀಗನ್, ಡ್ರೇಕ್ ನ್ಯೂಜೆಂಟ್, ಲಡೇರಿಯಸ್ ಹೆಂಡರ್‌ಸನ್, ಕಾರ್ಸನ್ ಬಾರ್ನ್‌ಹಾರ್ಟ್, ಟ್ರೆಂಟ್ ಜೋನ್ಸ್, ಈ ಆರು ಮಂದಿಯೂ ಏಕಕಾಲಕ್ಕೆ ನಿರ್ಗಮಿಸಿದ್ದಾರೆ. ಅವರು ಎಂಥವರು ಎಂಬುದಕ್ಕೆ ಕಳೆದ ನವೆಂಬರ್ 25ರ ಓಹಾಯೋ ಸ್ಟೇಟ್ ಪಂದ್ಯದ ಮೂರನೆಯ ಕ್ವಾರ್ಟರನ್ನು ನೆನೆದರೆ ಸಾಕು. ನಾಯಕ ಝಿಂಟರ್‌ನ ಕಾಲಿನ ಎರಡು ಮೂಳೆಗಳು ಮುರಿದು, ಅವನನ್ನು ಗಾಡಿಯಲ್ಲಿ ಮಲಗಿಸಿ ಮೈದಾನದಿಂದ ಹೊರಗೆ ಕರೆದೊಯ್ಯುವಾಗ ಲಕ್ಷಕ್ಕೂ ಹೆಚ್ಚು ಜನರಿದ್ದ ಕ್ರೀಡಾಂಗಣ ಸ್ತಬ್ಧವಾಗಿತ್ತು. ಬಲ ಟ್ಯಾಕಲ್ (ಲೈನ್‌ನ ತುದಿಯವನು) ಆಗಿದ್ದ ಬಾರ್ನ್‌ಹಾರ್ಟ್ ಒಳಗೆ ಸರಿದು ಗಾರ್ಡ್ (ತುದಿಯವನಿಗೂ ನಡುವಿನ ಸೆಂಟರ್‌ಗೂ ಮಧ್ಯದವನು) ಆದ. ಅವನ ಜಾಗಕ್ಕೆ ಜೋನ್ಸ್ ಬಂದ. ಮರುಕ್ಷಣದ ಮೊದಲ ಆಟದಲ್ಲಿಯೇ ಕೋರಮ್ 22 ಯಾರ್ಡ್ ಓಡಿ ಟಚ್‌ಡೌನ್ ಗಳಿಸಿ, ಬೆರಳುಗಳಲ್ಲಿ ಝಿಂಟರ್‌ನ 65 ಎಂಬ ಸಂಖ್ಯೆಯನ್ನು ತೋರಿಸಿದ. ಒಬ್ಬ ಬಿದ್ದರೆ ಇಬ್ಬರು ಜಾಗ ಬದಲಿಸಿಕೊಂಡು ಒಂದು ಹೆಜ್ಜೆಯೂ ತಪ್ಪದಂತೆ ಆಡುವ ಆ ಪಳಗಿದ ಹೊಂದಾಣಿಕೆ ವರ್ಷಗಟ್ಟಲೆ ಜೊತೆಯಾಗಿ ಆಡಿದ್ದರಿಂದ ಬಂದದ್ದು. ಬೇಸಿಗೆಯ ಒಂದು ಶಿಬಿರದಲ್ಲಿ ಅದನ್ನು ಮರಳಿ ಗಳಿಸಲಾಗುವುದಿಲ್ಲ.

ಈ ಬಾರಿ ಎಡ ಟ್ಯಾಕಲ್ ಮೈಲ್ಸ್ ಹಿಂಟನ್, ಗಾರ್ಡ್ ಸ್ಥಾನಗಳಲ್ಲಿ ನಾರ್ತ್‌ವೆಸ್ಟರ್ನ್‌ನಿಂದ ಬಂದ ಜಾಶ್ ಪ್ರೀಬಿ ಮತ್ತು ಜಿಯೊವಾನಿ ಎಲ್-ಹಾದಿ ಇರುವ ಸಾಧ್ಯತೆ ಹೆಚ್ಚು. ಸೆಂಟರ್ ಸ್ಥಾನಕ್ಕೆ ಗ್ರೆಗ್ ಕ್ರಿಪ್ಪನ್ ಹಾಗೂ ಡಾಮಿನಿಕ್ ಜುಡೀಚೆ ನಡುವೆ ಪೈಪೋಟಿಯಿದೆ. ಬಲ ಟ್ಯಾಕಲ್ ಯಾರೆಂಬುದು ಇನ್ನೂ ತೀರ್ಮಾನವಾದಂತಿಲ್ಲ. ಇವರಾರೂ ಕೈಲಾಗದವರಲ್ಲ. ಹೊಸ ಮುಖ್ಯ ತರಬೇತುದಾರ ಶೆರೋನ್ ಮೂರ್ ಇದೇ ವಿಭಾಗದಿಂದ ಮೇಲೆ ಬಂದವರು, 2021 ಮತ್ತು 2022ರಲ್ಲಿ ದೇಶದ ಅತ್ಯುತ್ತಮ ಲೈನ್‌ಗೆ ಸಲ್ಲುವ ಜೋ ಮೂರ್ ಪ್ರಶಸ್ತಿಯನ್ನು ಸತತವಾಗಿ ತಂದುಕೊಟ್ಟವರು. ಪೆನ್ ಸ್ಟೇಟ್ ಪಂದ್ಯದಲ್ಲಿ ಹಾರ್ಬಾ ಅಮಾನತಿನಲ್ಲಿದ್ದಾಗ ಸತತ 32 ಬಾರಿ ಓಟದ ಆಟವನ್ನೇ ಆಡಿಸಿ 24-15ರಿಂದ ಗೆದ್ದವರೂ ಅವರೇ. ಆದರೆ ಹಾಗೆ ಆಡಿಸುವ ಧೈರ್ಯ ಬಂದದ್ದು ಆ ಆರು ಮಂದಿಯ ಭುಜಬಲದಿಂದ ಎಂಬುದನ್ನು ಮರೆಯಬಾರದು.

ಇನ್ನು ಕ್ವಾರ್ಟರ್‌ಬ್ಯಾಕ್. ಅಲೆಕ್ಸ್ ಓರ್ಜಿ ಬಲಿಷ್ಠ ಓಟಗಾರ, ಆದರೆ ಕಾಲೇಜು ಪಂದ್ಯಗಳಲ್ಲಿ ಅವನು ಚೆಂಡನ್ನು ಎಸೆದದ್ದೇ ಅಪರೂಪ. ಡೇವಿಸ್ ವಾರನ್ ಪ್ರೌಢಶಾಲೆಯಲ್ಲಿರುವಾಗ ರಕ್ತದ ಕ್ಯಾನ್ಸರ್ ಗೆದ್ದು, ವಿದ್ಯಾರ್ಥಿವೇತನವಿಲ್ಲದೆ ತಂಡ ಸೇರಿ, ತಾಳ್ಮೆಯಿಂದ ಸರದಿ ಕಾದವನು. ಜ್ಯಾಕ್ ಟಟಲ್ ಏಳನೆಯ ವರ್ಷದ ಕಾಲೇಜು ಆಟಗಾರನಾಗಿದ್ದು ಗಾಯಗಳಿಂದ ಬಳಲುತ್ತಿದ್ದಾನೆ. ಇವರಲ್ಲಿ ಯಾರೇ ಆಡಿದರೂ ಮೆಕಾರ್ಥಿಯಂತೆ ಮೂರನೆಯ ಡೌನ್‌ನಲ್ಲಿ (10 ಯಾರ್ಡ್ ಮುನ್ನಡೆಯಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) 8 ಯಾರ್ಡ್ ಬೇಕಾದಾಗ ಪಂದ್ಯ ಉಳಿಸುತ್ತಾರೆಂದು ನಂಬಿ ಕೂರುವಂತಿಲ್ಲ. ಹೀಗಾಗಿ ಮೂರನೆಯ ಡೌನ್‌ನಲ್ಲಿ 2 ಯಾರ್ಡ್ ಮಾತ್ರ ಉಳಿಯುವಂತೆ ಮಾಡುವುದೇ ಉಪಾಯ, ಮತ್ತು ಅದು ಮತ್ತೆ ಲೈನ್‌ನ ಕೆಲಸ. ಓಟಕ್ಕೆ ಡಾನವನ್ ಎಡ್ವರ್ಡ್ಸ್ ಇದ್ದಾನೆ. ಕಳೆದ ಋತುವಿನುದ್ದಕ್ಕೂ ಮಂಕಾಗಿದ್ದವನು ಅಂತಿಮ ಪಂದ್ಯದ ಮೊದಲ ಕ್ವಾರ್ಟರಿನಲ್ಲಿ 41 ಹಾಗೂ 46 ಯಾರ್ಡ್‌ಗಳ ಎರಡು ಟಚ್‌ಡೌನ್ ಓಟಗಳಿಂದ ವಾಷಿಂಗ್ಟನ್ನಿನ ಎದೆ ಬಡಿತ ಹೆಚ್ಚಿಸಿದ. ರಕ್ಷಣಾ ಪಡೆಯ ಲೈನ್‌ಬ್ಯಾಕರ್ ಆಗಿ ಬಂದು ಓಟಗಾರನಾಗಿ ಬದಲಾದ ಕಲೆಲ್ ಮಲ್ಲಿಂಗ್ಸ್ ಬಗ್ಗೆ ಯಾರೂ ಹೆಚ್ಚು ಬರೆಯುತ್ತಿಲ್ಲ. ಎದುರಾಳಿಯ ಎದೆಗೇ ನುಗ್ಗುವ ಅವನ ಓಟ ಈ ಲೈನ್‌ಗೆ ಎಡ್ವರ್ಡ್ಸ್‌ಗಿಂತ ಹೆಚ್ಚು ಒಗ್ಗಬಹುದು. ಚೆಂಡು ಹಿಡಿಯುವವರಲ್ಲಿ ಕೋಲ್ಸ್‌ಟನ್ ಲವ್‌ಲ್ಯಾಂಡ್ ಒಬ್ಬನೇ ಭರವಸೆಯವನು. ಕಳೆದ ವರ್ಷ 45 ಬಾರಿ ಚೆಂಡು ಹಿಡಿದು 649 ಯಾರ್ಡ್ ಗಳಿಸಿದ ಈ ಟೈಟ್ ಎಂಡ್‌ನನ್ನು (ಲೈನ್ ಪಕ್ಕ ನಿಂತು ತಡೆಯುವ, ಚೆಂಡನ್ನೂ ಹಿಡಿಯುವ ಆಟಗಾರ) ಬಿಟ್ಟರೆ, ಸೆಮಾಜ್ ಮಾರ್ಗನ್, ಟೈಲರ್ ಮಾರಿಸ್ ಇನ್ನೂ ಬೆಳೆಯಬೇಕಾದವರು.

ರಕ್ಷಣಾ ಪಡೆಯ ಬಗ್ಗೆ ಬರೆಯುವಾಗ ಮಾತ್ರ ನನ್ನ ಕೈ ತಡೆಯುವುದಿಲ್ಲ. ಕಳೆದ ವರ್ಷ ಪಂದ್ಯವೊಂದಕ್ಕೆ ಸರಾಸರಿ 10.4 ಅಂಕ ಮಾತ್ರ ಬಿಟ್ಟುಕೊಟ್ಟು ದೇಶದಲ್ಲೇ ಮೊದಲಿಗರಾಗಿದ್ದವರ ಪೈಕಿ ಮೇಸನ್ ಗ್ರಹಾಂ, ಕೆನೆತ್ ಗ್ರಾಂಟ್, ವಿಲ್ ಜಾನ್ಸನ್, ಜೊಸಾಯಾ ಸ್ಟೀವರ್ಟ್, ಡೆರಿಕ್ ಮೂರ್ ಉಳಿದಿದ್ದಾರೆ. ಗ್ರಹಾಂ ಸೆಮಿಫೈನಲ್ ಆಗಿದ್ದ ರೋಸ್ ಬೌಲ್‌ನಲ್ಲಿ ಶ್ರೇಷ್ಠ ರಕ್ಷಣಾ ಆಟಗಾರನಾದರೆ, ಜಾನ್ಸನ್ ಅಂತಿಮ ಪಂದ್ಯದಲ್ಲಿ ಅದೇ ಗೌರವ ಪಡೆದ. ಗ್ರಾಂಟ್‌ನ ತೂಕ 150 ಕಿಲೋಗ್ರಾಂಗೂ ಹೆಚ್ಚು. ಆ ದೇಹ ಹೊತ್ತು ಪೆನ್ ಸ್ಟೇಟ್‌ನ ವೇಗದ ಓಟಗಾರ ಕೇಟ್ರಾನ್ ಆಲನ್‌ನನ್ನು ಹಿಂದಿನಿಂದ ಅಟ್ಟಿಸಿಕೊಂಡು ಹೋಗಿ ಕೆಡವಿದ ದೃಶ್ಯವನ್ನು ನೋಡಿದವರು ಮರೆತಿರಲಾರರು. ಮೇರಿಲ್ಯಾಂಡ್‌ನಿಂದ ಜೈಶಾನ್ ಬಾರಮ್ ಬಂದಿದ್ದಾನೆ. ಕೊರತೆಯಿರುವುದು ಹಿಂಬದಿಯಲ್ಲಿ: ರಾಡ್ ಮೂರ್ ವಸಂತಕಾಲದ ಅಭ್ಯಾಸದಲ್ಲಿ ಮಂಡಿಗೆ ಪೆಟ್ಟು ಮಾಡಿಕೊಂಡಿದ್ದಾನೆ, ಕಿಯಾನ್ ಸ್ಯಾಬ್ ಅಲಬಾಮಾಕ್ಕೆ ಹೊರಟುಹೋದ, ಸೇನ್‌ರಿಸ್ಟಿಲ್‌ನ ಜಾಗ ತುಂಬುವವರು ಯಾರೆಂಬುದು ನಿಶ್ಚಯವಾಗಿಲ್ಲ.

ರಕ್ಷಣಾ ಪಡೆಯ ಹೊಸ ಸಂಯೋಜಕ ವಿಂಕ್ ಮಾರ್ಟಿಂಡೇಲ್ ಎನ್‌ಎಫ್‌ಎಲ್‌ನ ಬಾಲ್ಟಿಮೋರ್ ರೇವನ್ಸ್ ತಂಡದಲ್ಲಿ 2018ರಿಂದ 2021ರವರೆಗೆ ಇದೇ ಕೆಲಸ ಮಾಡಿದವರು. ನಮ್ಮ ಹಿಂದಿನ ಇಬ್ಬರು ಸಂಯೋಜಕರಾದ ಮೈಕ್ ಮೆಕ್‌ಡೊನಾಲ್ಡ್ ಹಾಗೂ ಮಿಂಟರ್ ಕೂಡ ರೇವನ್ಸ್ ಗರಡಿಯವರೇ ಆದ್ದರಿಂದ ಪರಿಭಾಷೆ ಆಟಗಾರರಿಗೆ ಹೊಸದಲ್ಲ. ಆದರೆ ಮಾರ್ಟಿಂಡೇಲ್ ಅವರಿಗೆ ಬ್ಲಿಟ್ಜ್ (ಕ್ವಾರ್ಟರ್‌ಬ್ಯಾಕ್ ಮೇಲೆ ಹೆಚ್ಚು ಮಂದಿಯನ್ನು ನುಗ್ಗಿಸುವುದು) ಮೇಲೆ ವಿಪರೀತ ಪ್ರೀತಿ. ನಾಲ್ವರಿಂದಲೇ ಎದುರಾಳಿಯನ್ನು ನಡುಗಿಸಬಲ್ಲ ಗ್ರಹಾಂ, ಗ್ರಾಂಟ್ ಇರುವಾಗ ಐದನೆಯವನನ್ನೂ ಆರನೆಯವನನ್ನೂ ಮುಂದಕ್ಕೆ ಕಳಿಸಿ ಹಿಂಬದಿಯನ್ನು ಬರಿದು ಮಾಡುವ ಅಗತ್ಯವಿದೆಯೇ ಎಂಬುದು ನನ್ನ ಆತಂಕ.

ವೇಳಾಪಟ್ಟಿ ಕಠಿಣ. ಮೊದಲ ಐದು ಪಂದ್ಯಗಳೂ ಮನೆಯಲ್ಲೇ ಇವೆ. ಅವುಗಳಲ್ಲಿ ಸೆಪ್ಟೆಂಬರ್ 7ರಂದು ಟೆಕ್ಸಸ್, 21ರಂದು ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಬರುತ್ತವೆ. ಅಕ್ಟೋಬರ್ 5ರಂದು ಸಿಯಾಟಲ್‌ನಲ್ಲಿ ವಾಷಿಂಗ್ಟನ್, ನವೆಂಬರ್ 2ರಂದು ಮನೆಯಲ್ಲಿ ಆರೆಗನ್, 30ರಂದು ಕೊಲಂಬಸ್‌ನಲ್ಲಿ ಓಹಾಯೋ ಸ್ಟೇಟ್. ಅಕ್ಟೋಬರ್ 19ರ ಇಲಿನಾಯ್ ಪ್ರವಾಸಕ್ಕೊಂದು ಸ್ವಾರಸ್ಯವಿದೆ: 1924ರ ಅಕ್ಟೋಬರ್ 18ರಂದು ಅದೇ ಮೈದಾನದಲ್ಲಿ ಇಲಿನಾಯ್‌ನ ಓಟಗಾರ ರೆಡ್ ಗ್ರೇಂಜ್ ಮೊದಲ 12 ನಿಮಿಷಗಳಲ್ಲಿ ನಮ್ಮ ಮೇಲೆ ನಾಲ್ಕು ಟಚ್‌ಡೌನ್ ಬಾರಿಸಿದ್ದರು, ಆ ಗಾಯಕ್ಕೀಗ ನೂರು ವರ್ಷ. ಇಂಡಿಯಾನಾವನ್ನು ಸುಲಭದ ತುತ್ತು ಎಂದು ಬರೆದವರನ್ನು ನೋಡಿದೆ; ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಿಂದ ಬಂದ ಅವರ ಹೊಸ ತರಬೇತುದಾರ ಕರ್ಟ್ ಸಿಗ್ನೆಟ್ಟಿ ತಮ್ಮ ಹಳೆಯ ಆಟಗಾರರನ್ನೂ ಕರೆತಂದಿರುವುದರಿಂದ ನಾನು ಹಾಗೆ ಬರೆಯಲಾರೆ.

ನನ್ನ ಅಂದಾಜು: ಒಂಬತ್ತು ಗೆಲುವು, ಮೂರು ಸೋಲು. ಟೆಕ್ಸಸ್ ಮತ್ತು ಆರೆಗನ್ ಎದುರು ಸೋಲು, ಪರವೂರಿನಲ್ಲಿ ಒಂದು ಮುಗ್ಗರಿಕೆ. ಕೊಲಂಬಸ್‌ನಲ್ಲಿ ಗೆಲುವು.

ಸ್ಕಾರ್ಲೆಟ್ ಕನ್ನಡಿಗ (ಕೊಲಂಬಸ್, ಓಹಾಯೋ):

ಲೇಖನದ ಕೊನೆಯ ವಾಕ್ಯದವರೆಗೆ ನಿಮ್ಮೊಂದಿಗೆ ಬಹುಮಟ್ಟಿಗೆ ಸಹಮತವಿತ್ತು. ಆಗಸ್ಟ್ 12ರಂದು ಪ್ರಕಟವಾದ ಎಪಿ ಸುದ್ದಿಸಂಸ್ಥೆಯ ಶ್ರೇಯಾಂಕದಲ್ಲಿ ನೀವು 9ನೆಯವರು, ನಾವು ಓಹಾಯೋ ಸ್ಟೇಟ್‌ನವರು 2ನೆಯವರು. ಶ್ರೇಯಾಂಕವನ್ನು ಬದಿಗಿಟ್ಟೇ ಮಾತಾಡೋಣ. ಜ್ಯಾಕ್ ಸಾಯರ್, ಜೆ.ಟಿ. ಟುಯಿಮೊಲೊವಾವ್, ಡೆನ್ಝೆಲ್ ಬರ್ಕ್, ಎಮೆಕಾ ಎಗ್ಬುಕಾ, ಟ್ರೆವಿಯಾನ್ ಹೆಂಡರ್‌ಸನ್ ಇವರೆಲ್ಲ ಎನ್‌ಎಫ್‌ಎಲ್‌ಗೆ ಹೋಗಬಹುದಾಗಿದ್ದರೂ ಉಳಿದುಕೊಂಡದ್ದಕ್ಕೆ ಮುಖ್ಯ ಕಾರಣ ನಿಮ್ಮ ತಂಡವೇ. ಮಿಶಿಗನ್ ವಿರುದ್ಧ ಒಮ್ಮೆಯೂ ಗೆಲ್ಲದೆ ಹೋಗುವುದು ಅವರಿಗೆ ನುಂಗಲಾರದ ತುತ್ತಾಗಿತ್ತು. ಅದರ ಮೇಲೆ ಅಲಬಾಮಾದಿಂದ ಕೇಲಬ್ ಡೌನ್ಸ್, ಓಲ್ ಮಿಸ್‌ನಿಂದ ಕ್ವಿನ್‌ಶಾನ್ ಜಡ್‌ಕಿನ್ಸ್, ಕ್ಯಾನ್ಸಸ್ ಸ್ಟೇಟ್‌ನಿಂದ ವಿಲ್ ಹಾವರ್ಡ್ ಬಂದಿದ್ದಾರೆ. ಜೆರಮಾಯಾ ಸ್ಮಿತ್ ಎಂಬ ಮೊದಲ ವರ್ಷದ ಹುಡುಗನ ಹೆಸರನ್ನು ಈಗಲೇ ಬರೆದಿಟ್ಟುಕೊಳ್ಳಿ.

ನಿಮ್ಮವರು 2021ರಲ್ಲಿ 42-27, 2022ರಲ್ಲಿ 45-23, 2023ರಲ್ಲಿ 30-24 ಎಂದು ಮೂರು ಬಾರಿ ಗೆದ್ದದ್ದು ಲೈನ್‌ನ ಬಲದಿಂದ ಎಂದು ನೀವೇ ಹೇಳುತ್ತೀರಿ. ಆ ಲೈನ್ ಇಲ್ಲವೆಂದೂ ನೀವೇ ಹೇಳುತ್ತೀರಿ. ಹಾಗಿದ್ದ ಮೇಲೆ ಕೊಲಂಬಸ್‌ನಲ್ಲಿ ಗೆಲ್ಲುವುದು ಯಾವ ಲೆಕ್ಕದಲ್ಲಿ? ನಮ್ಮ ಓಟಗಾರರ ತರಬೇತುದಾರ ಟೋನಿ ಆಲ್ಫರ್ಡ್ ಅವರನ್ನು ಮಾರ್ಚ್‌ನಲ್ಲಿ ಕರೆದುಕೊಂಡು ಹೋದಿರಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿದಿದ್ದೀರೋ ಏನೋ!

ಹಳದಿ ನೀಲಿ:

ಪ್ರಶ್ನೆ ನ್ಯಾಯವಾದದ್ದು. ಲೈನ್ ಎಂಬುದಕ್ಕೆ ಎರಡು ಕಡೆಗಳಿವೆ. ನಮ್ಮ ಆಕ್ರಮಣದ ಲೈನ್ ದುರ್ಬಲವಾಗಿದ್ದರೂ ರಕ್ಷಣೆಯ ಲೈನ್ ದೇಶದಲ್ಲೇ ಅಗ್ರಗಣ್ಯ. ನಿಮ್ಮ ತಂಡದ ಹೊಳಪೆಲ್ಲ ಅಂಚುಗಳಲ್ಲಿದೆ, ನಡುವಿನಲ್ಲಿಲ್ಲ. ಗ್ರಹಾಂ ಮತ್ತು ಗ್ರಾಂಟ್ ನಡುವಿನ ಕಿಂಡಿಯಲ್ಲಿ ನಿಮ್ಮ ಓಟಗಾರರು ನುಸುಳಲಾಗದೆ ಹೋದರೆ, ನವೆಂಬರ್ ಕೊನೆಯ ಚಳಿಯಲ್ಲಿ ಪಂದ್ಯ 20 ಅಂಕಗಳನ್ನು ದಾಟದೆ ಉಳಿಯುವ ಸಾಧ್ಯತೆಯಿದೆ. ಅಂಥ ಪಂದ್ಯದಲ್ಲಿ ಎಗ್ಬುಕಾ, ಸ್ಮಿತ್ ಅವರಿಗಿಂತ ಕಿಕ್ ಮಾಡುವವನ ಬೆಲೆ ಹೆಚ್ಚು. ಅರ್ಕನ್ಸಾ ಸ್ಟೇಟ್‌ನಿಂದ ಬಂದಿರುವ ನಮ್ಮ ಡಾಮಿನಿಕ್ ಝ್ವಾಡಾಗೆ ದೂರದಿಂದ ಕಂಬಗಳ ನಡುವೆ ಕಳಿಸುವ ಕಾಲಿದೆ. ನಿಮ್ಮ ಕೈಯಲ್ಲಿ ಪ್ರತಿಭೆ ಹೆಚ್ಚಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 2022ರಲ್ಲಿಯೂ ಹೆಚ್ಚಿತ್ತು. 2000ದ ನಂತರ ಮೊದಲ ಬಾರಿಗೆ ನಾವು ನಿಮ್ಮ ಮೈದಾನದಲ್ಲಿ ಗೆದ್ದದ್ದು ಆ ವರ್ಷವೇ. ಮೂರು ಸೋಲುಗಳ ಭಾರ ಹೊತ್ತು ಆಡಿಸುವವರು ನಿಮ್ಮ ತರಬೇತುದಾರ ರಯನ್ ಡೇ, ಶೆರೋನ್ ಮೂರ್ ಅಲ್ಲ. ಮೂರ್ ಹಂಗಾಮಿಯಾಗಿ ನಡೆಸಿದ ನಾಲ್ಕು ಪಂದ್ಯಗಳನ್ನೂ ಗೆದ್ದಿದ್ದಾರೆ, ಅದರಲ್ಲಿ ಒಂದು ನಿಮ್ಮ ವಿರುದ್ಧವೇ.

ಕೊಂಬಿನ ಊರಿನವ (ಆಸ್ಟಿನ್, ಟೆಕ್ಸಸ್):

ನಮ್ಮ ವಿರುದ್ಧ ಸೋಲನ್ನು ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದನ್ನು ಕಂಡು ಆಶ್ಚರ್ಯವಾಯಿತು. ಈ ಎರಡು ತಂಡಗಳು ಹಿಂದೆ ಭೇಟಿಯಾದದ್ದು ಒಮ್ಮೆ ಮಾತ್ರ, 2005ರ ಜನವರಿ 1ರ ರೋಸ್ ಬೌಲ್‌ನಲ್ಲಿ. ನಮ್ಮ ಕ್ವಾರ್ಟರ್‌ಬ್ಯಾಕ್ ವಿನ್ಸ್ ಯಂಗ್ ಓಟದ ಬಲದಿಂದ ನಾವು 38-37ರಿಂದ ಗೆದ್ದೆವು. ಈ ಬಾರಿ ನಮ್ಮ ಪಾಲಿಗೆ ಅನುಕೂಲವಾಗಿರುವುದು ನೀವು ಕಳೆದುಕೊಂಡ ಅದೇ ವಸ್ತು: ಕೆಲ್ವಿನ್ ಬ್ಯಾಂಕ್ಸ್ ಸೇರಿದಂತೆ ನಮ್ಮ ಆಕ್ರಮಣದ ಲೈನ್‌ನ ಐವರಲ್ಲಿ ನಾಲ್ವರು ಉಳಿದಿದ್ದಾರೆ. ನಮ್ಮ ಈಗಿನ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್ ಕಳೆದ ಸೆಪ್ಟೆಂಬರ್‌ನಲ್ಲಿ ಟಸ್ಕಲೂಸಾಕ್ಕೆ ಹೋಗಿ ಅಲಬಾಮಾವನ್ನು 34-24ರಿಂದ ಸೋಲಿಸಿದವನು, ಗದ್ದಲದ ಕ್ರೀಡಾಂಗಣ ಅವನಿಗೆ ಹೊಸದಲ್ಲ.

ಆದರೂ ನಾನು ನಿಶ್ಚಿಂತನಾಗಿಲ್ಲ. ಸಿ.ಜೆ. ಬ್ಯಾಕ್ಸ್‌ಟರ್ ಮಂಡಿಯ ಗಾಯದಿಂದ ಇಡೀ ಋತುವಿಗೆ ಹೊರಗುಳಿದಿದ್ದಾನೆ. ಝೇವಿಯರ್ ವರ್ದಿ, ಆಡೊನಾಯ್ ಮಿಚೆಲ್ ಹೋದ ಮೇಲೆ ಐಸಾಯಾ ಬಾಂಡ್, ಮ್ಯಾಥ್ಯೂ ಗೋಲ್ಡನ್ ಮೊದಲಾದ ಹೊಸಬರೊಂದಿಗೆ ಯೂವರ್ಸ್ ಇನ್ನೂ ಹೊಂದಿಕೊಳ್ಳಬೇಕು. ರಕ್ಷಣೆಯ ನಡುವಿನಲ್ಲಿ ಟವಾಂಡ್ರೆ ಸ್ವೆಟ್, ಬೈರನ್ ಮರ್ಫಿ ಇಬ್ಬರೂ ಇಲ್ಲ. ನಿಮ್ಮ ಹೊಸ ಲೈನ್‌ಗೆ ಪರೀಕ್ಷೆಯೇ ಆಗದಂತೆ ನಮ್ಮ ರಕ್ಷಣೆಯ ನಡುಭಾಗ ಕುಸಿದುಬಿದ್ದರೆ, ಮಲ್ಲಿಂಗ್ಸ್ ಬಗ್ಗೆ ನೀವು ಬರೆದದ್ದು ನಿಜವಾಗಬಹುದು.

ಜಯನಗರದ ವೀಕ್ಷಕ (ಬೆಂಗಳೂರು):

ಆನ್ ಆರ್ಬರ್‌ನಲ್ಲಿ ಎಂಎಸ್ ಮುಗಿಸಿ ಊರಿಗೆ ಮರಳಿದ ಮೇಲೆಯೂ ಪಂದ್ಯ ನೋಡುವ ಚಟ ಬಿಟ್ಟಿಲ್ಲ. ಮಧ್ಯಾಹ್ನ 12ರ ಟೆಕ್ಸಸ್ ಪಂದ್ಯ ಇಲ್ಲಿ ಶನಿವಾರ ರಾತ್ರಿ 9.30ಕ್ಕೆ ಆರಂಭವಾಗುವುದರಿಂದ ಅದು ಸುಖ. ಫ್ರೆಸ್ನೊ ಪಂದ್ಯಕ್ಕೆ ಮಾತ್ರ ಭಾನುವಾರ ಬೆಳಗಿನ 5ಕ್ಕೆ ಏಳಬೇಕು. ನನ್ನ ಪ್ರಶ್ನೆ ಇಷ್ಟೇ: ರಾಷ್ಟ್ರೀಯ ಚಾಂಪಿಯನ್ ಯಾರೆಂದು ನಿರ್ಧರಿಸುವ ಪ್ಲೇಆಫ್‌ಗೆ ಈ ವರ್ಷದಿಂದ ನಾಲ್ಕರ ಬದಲು 12 ತಂಡಗಳು ಎಂದಾದ ಮೇಲೆ, ಒಂಬತ್ತು ಗೆಲುವು ಸಾಕಾಗುವುದೇ?

ನೋವೈ ನಿವಾಸಿ (ಮಿಶಿಗನ್):

ಐದು ಸ್ಥಾನಗಳು ಲೀಗ್ ಚಾಂಪಿಯನ್ನರಿಗೆ, ಏಳು ಸ್ಥಾನಗಳು ಉಳಿದವರಿಗೆ. ನಮ್ಮ ಲೀಗ್ ಆದ ಬಿಗ್ ಟೆನ್‌ಗೆ ಆರೆಗನ್, ವಾಷಿಂಗ್ಟನ್, ಯುಎಸ್‌ಸಿ, ಯುಸಿಎಲ್‌ಎ ಸೇರಿ 18 ತಂಡಗಳಾಗಿರುವಾಗ, ಮೂರು ಸೋಲಿನ ಮಿಶಿಗನ್ ಬಾಗಿಲ ಬಳಿ ನಿಂತು ಕಾಯಬೇಕಾದೀತು. ಅದೂ ಒಂಬತ್ತು ಗೆದ್ದರೆ. ನನಗೆ ಕಾಣುವುದು ಎಂಟು, ಬಹುಶಃ ಏಳು.

ಮೂಲ ಬರಹದ ಒಂದು ಅಂಶವನ್ನು ನಾನು ಒಪ್ಪುವುದಿಲ್ಲ. ಲೈನ್ ಎಷ್ಟೇ ಚೆನ್ನಾಗಿದ್ದರೂ, ಎಸೆತದ ಭಯವಿಲ್ಲದ ತಂಡದೆದುರು ಎದುರಾಳಿಗಳು ಎಂಟು ಮಂದಿಯನ್ನು ಮುಂದೆ ನಿಲ್ಲಿಸುತ್ತಾರೆ. ಐವರು ಎಂಟು ಮಂದಿಯನ್ನು ತಡೆಯಲಾಗದು. ಓರ್ಜಿ ಆಡಿದರೆ ಪ್ರತಿ ವಾರವೂ ಹೀಗೆಯೇ ಆಗುತ್ತದೆ. ಆದ್ದರಿಂದ ಕ್ವಾರ್ಟರ್‌ಬ್ಯಾಕ್ ಪ್ರಶ್ನೆ ಎರಡನೆಯದಲ್ಲ, ಮೊದಲನೆಯದೇ. ಹಾರ್ಬಾ ಹೊರಟದ್ದು ಜನವರಿ 24ರಂದು. ಅಷ್ಟರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್‌ನ (ಕಾಲೇಜು ಬದಲಿಸಬಯಸುವ ಆಟಗಾರರ ಪಟ್ಟಿ) ಒಳ್ಳೆಯ ಕ್ವಾರ್ಟರ್‌ಬ್ಯಾಕ್‌ಗಳೆಲ್ಲ ಬೇರೆಡೆ ಸೇರಿಯಾಗಿತ್ತು. ವಸಂತಕಾಲದಲ್ಲಿ ಮತ್ತೊಮ್ಮೆ ಪೋರ್ಟಲ್ ತೆರೆದಾಗಲೂ ಯಾರನ್ನೂ ತರದೆ ಕುಳಿತದ್ದಕ್ಕೆ ಮಾತ್ರ ನನಗೆ ಸಮಾಧಾನಕರ ಕಾರಣ ಸಿಕ್ಕಿಲ್ಲ. ನನ್ನ ಆಯ್ಕೆ ವಾರನ್. ಕನಿಷ್ಠಪಕ್ಷ ಲವ್‌ಲ್ಯಾಂಡ್ ಎಲ್ಲಿದ್ದಾನೆಂದು ನೋಡಿ ಎಸೆಯುವವನು ಅವನು.

ಇನ್ನೊಂದು ಮಾತು. ನಮ್ಮವರು ಎದುರಾಳಿಗಳ ಸಂಜ್ಞೆ ಕದ್ದ ಆರೋಪದ ಬಗ್ಗೆ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ನಡೆಸುತ್ತಿರುವ ತನಿಖೆ ಇನ್ನೂ ಮುಗಿದಿಲ್ಲ. ಈ ವರ್ಷದಿಂದ ಹೆಲ್ಮೆಟ್ಟಿನೊಳಗೆ ರೇಡಿಯೊ ಬಂದಿರುವುದರಿಂದ, ಪ್ರತಿ ಆಟ ಶುರುಮಾಡಲು ಕೊಡುವ ಸಮಯದ ಗಡಿಯಾರದಲ್ಲಿ (ಪ್ಲೇ ಕ್ಲಾಕ್) 15 ಸೆಕೆಂಡು ಉಳಿಯುವವರೆಗೂ ತರಬೇತುದಾರರು ನೇರವಾಗಿ ಆಟಗಾರನ ಕಿವಿಯಲ್ಲಿ ಹೇಳಬಹುದು. ಇನ್ನು ನಾವು ಗೆದ್ದರೆ ಕೊಲಂಬಸ್‌ನವರು ಬೇರೆ ಕಾರಣ ಹುಡುಕಬೇಕಾಗುತ್ತದೆ.

ಹಳದಿ ನೀಲಿ:

ನೋವೈ ನಿವಾಸಿಯವರ ಎಂಟು ಮಂದಿಯ ಲೆಕ್ಕ ಸರಿಯಾಗಿದೆ, ಆದರೆ ಅದಕ್ಕೆ ಉತ್ತರವೂ ಲೈನ್‌ನ ಬಳಿಯಲ್ಲೇ ಇದೆ. ಮೂರ್ ಅವರ ಪದ್ಧತಿಯಲ್ಲಿ ಎರಡು, ಕೆಲವೊಮ್ಮೆ ಮೂರು ಟೈಟ್ ಎಂಡ್‌ಗಳು ನಿಂತು ತಡೆಯುವವರ ಸಂಖ್ಯೆಯನ್ನು ಏಳು ಎಂಟಕ್ಕೆ ಏರಿಸುತ್ತವೆ. ಅದೇ ಸ್ಥಾನದಿಂದ ಲವ್‌ಲ್ಯಾಂಡ್ ತಡೆಯುವಂತೆ ನಟಿಸಿ ಜಾರಿಕೊಂಡರೆ ಹತ್ತು ಗಜದ ಸರಳ ಎಸೆತಕ್ಕೆ ಜಾಗವಾಗುತ್ತದೆ. ಅಷ್ಟು ಎಸೆಯಬಲ್ಲವನು ಸಾಕು, ಮತ್ತು ಆ ಮಟ್ಟಿಗೆ ವಾರನ್ ಎಂದರೆ ನನ್ನ ತಕರಾರಿಲ್ಲ. ಓರ್ಜಿಯನ್ನು ಟಚ್‌ಡೌನ್ ಗೆರೆಯ ಬಳಿ ಬಂದಾಗ ಬಳಸಿಕೊಳ್ಳಬಹುದು.

ಜಯನಗರದವರು ಬೆಳಗಿನ 5ಕ್ಕೆ ಏಳುವುದಾದರೆ ಫ್ರೆಸ್ನೊ ಪಂದ್ಯದ ಅಂಕಗಳತ್ತ ನೋಡಬೇಡಿ, ಅದನ್ನು ಹೇಗಾದರೂ ಗೆಲ್ಲುತ್ತೇವೆ. ಮೊದಲ ಡೌನ್‌ನಲ್ಲಿ ನಡುವಿನಿಂದ ಓಡಿದಾಗ ಎಷ್ಟು ಯಾರ್ಡ್ ಬರುತ್ತಿದೆ ಎಂಬುದನ್ನು ಗಮನಿಸಿ. ಸೆಂಟರ್ ಮತ್ತು ಗಾರ್ಡ್‌ಗಳು ಎದುರಿನವರನ್ನು ಎರಡು ಹೆಜ್ಜೆ ಹಿಂದಕ್ಕೆ ತಳ್ಳಿ, ಓಟಗಾರನಿಗೆ ಮೊದಲ ಪೆಟ್ಟು ಬೀಳುವ ಮೊದಲೇ ನಾಲ್ಕು ಯಾರ್ಡ್ ಸಿಗುತ್ತಿದ್ದರೆ, ಟೆಕ್ಸಸ್ ಎದುರಿನ ನನ್ನ ಭವಿಷ್ಯವನ್ನು ಆ ವಾರವೇ ಬದಲಿಸುತ್ತೇನೆ. ಫ್ರೆಸ್ನೊ ಎದುರೇ ಎರಡು ಯಾರ್ಡ್‌ಗೆ ತಿಣುಕಾಡಿದರೆ, ನೋವೈ ನಿವಾಸಿಯವರ ಏಳೋ ಎಂಟೋ ಎಂಬ ಲೆಕ್ಕಕ್ಕೆ ನನ್ನದೂ ಒಂದು ಸಹಿ.